ನಡೆಯದೇ ಹೋದ ಕೊಲೆಗೆ ಹೊಣೆ ಯಾರು?

(ತುರುವೇಕೆರೆ ತಾಲೂಕಿನ ದಬ್ಬೇಘಟ್ಟದಲ್ಲಿ ನಡೆದ ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಈ ಊರಿಗೆ ಬರುವ ದಾರಿಯುದ್ದಕ್ಕೂ ತೆಂಗಿನ ತೋಟಗಳನ್ನು ನೋಡುತ್ತಾ ಬಂದೆ. ನಡುನಡುವೆ ಅಡಿಕೆಯೂ ಇದೆ. ಅಡಿಕೆಯನ್ನು ನಮ್ಮ ನಾಡು ಹಿಂದಿನಿಂದಲೂ ಮಾತು ಕೊಡುವುದಕ್ಕೆ ಬಳಸಿಕೊಂಡು ಬಂದಿದೆ. ಎರಡು ಮನೆಯವರು ತಾಂಬೂಲ ಬದಲಾಯಿಸಿಕೊಂಡರೆ ಮದುವೆ ನಿಶ್ಚಯವಾದಂತೆ. ಅರಸನು ರಣವೀಳ್ಯ ಕೊಟ್ಟಾಗ ಅದನ್ನು ಕೈಗೆತ್ತಿಕೊಂಡವನು ಯುದ್ಧಕ್ಕೆ ಹೊರಟಂತೆ. ಅದೇ ಅಡಿಕೆಗೆ ಉರ್ದುವಿನಲ್ಲಿ, ಮರಾಠಿಯಲ್ಲಿ ಸುಪಾರಿ ಎನ್ನುತ್ತಾರೆ. ಆದರೆ ಮುಂಬೈಯ ಭೂಗತ ಲೋಕವನ್ನು ಹಾದು ಆ ಪದ ಕನ್ನಡ ಪತ್ರಿಕೆಗಳಿಗೆ ಬಂದಾಗ ಅದರ ಅರ್ಥ ಬೇರೆಯಾಗಿತ್ತು. ಹಣ ಪಡೆದು ಮನುಷ್ಯನನ್ನು ಕೊಲ್ಲುವ ಗುತ್ತಿಗೆಗೆ ಇಂದು ನಾವು ಸುಪಾರಿ ಎನ್ನುತ್ತೇವೆ. ಶುಭಕಾರ್ಯದ ವಸ್ತುವೊಂದು ಇಂತಹ ಕಾರ್ಯಕ್ಕೆ ಹೆಸರಾಯಿತಲ್ಲ ಎಂದು ವ್ಯಥೆಯಾಗುತ್ತದೆ. ಆದರೂ ಒಂದು ಅಂಶ ಬದಲಾಗಿಲ್ಲ. ಅಡಿಕೆ ಕೈ ಬದಲಾದ ಕ್ಷಣದಲ್ಲೇ ಮಾತು ಮುಗಿದುಹೋಗಿರುತ್ತದೆ. ಮುಹೂರ್ತ ಆಮೇಲಿನದು.

ನಾನು ಇಂದು ಮಾತನಾಡಬೇಕಿರುವುದು ಈ ವಿಷಯದ ಬಗ್ಗೆಯೇ. ಒಬ್ಬನು ಇನ್ನೊಬ್ಬನನ್ನು ಕೊಲ್ಲಿಸಲು ಮೂರನೆಯವನಿಗೆ ಹಣ ಕೊಟ್ಟಿದ್ದಾನೆ. ಆದರೆ ಕೊಲೆ ನಡೆಯಲಿಲ್ಲ. ಹಣ ಪಡೆದವನು ಹೆದರಿದನೋ, ಮನಸ್ಸು ಬದಲಾಯಿಸಿದನೋ, ಪೊಲೀಸರ ಕೈಗೆ ಸಿಕ್ಕಿದನೋ, ಅಂತೂ ಕೊಲೆಯಾಗಬೇಕಿದ್ದವನು ಮರುದಿನ ಎಂದಿನಂತೆ ತೋಟಕ್ಕೆ ಹೋಗಿ ಬಂದಿದ್ದಾನೆ. ಅವನ ಮೈಮೇಲೆ ಒಂದು ಗೀರೂ ಇಲ್ಲ. ಹಾಗಿದ್ದ ಮೇಲೆ ಅಪರಾಧ ಎಲ್ಲಿದೆ? ಯಾರು ಅಪರಾಧಿ?

ಇದು ದೂರದ ನಗರಗಳ ಮಾತೆಂದು ನೀವು ಭಾವಿಸಬಾರದು. 2025ರ ಮಾರ್ಚ್ ಕೊನೆಯಲ್ಲಿ ನಮ್ಮದೇ ತುಮಕೂರು ಜಿಲ್ಲೆಯಲ್ಲಿ ಇಂತಹ ದೂರೊಂದು ದಾಖಲಾಯಿತು. ವಿಧಾನ ಪರಿಷತ್ ಸದಸ್ಯ ಆರ್.ರಾಜೇಂದ್ರ ಅವರು ತಮ್ಮ ಹತ್ಯೆಗೆ ಸುಪಾರಿ ನೀಡಲಾಗಿದೆ ಎಂದು ಪೊಲೀಸರ ಮೊರೆ ಹೋದರು. ಅವರು ಅಂದಿನ ಸಹಕಾರ ಸಚಿವ ಕೆ.ಎನ್.ರಾಜಣ್ಣನವರ ಪುತ್ರ. 70 ಲಕ್ಷ ರೂಪಾಯಿಗೆ ಮಾತಾಗಿತ್ತು, 5 ಲಕ್ಷ ಮುಂಗಡ ಸಂದಾಯವಾಗಿತ್ತು, 2024ರ ನವೆಂಬರ್‌ನಲ್ಲಿ ಮಗಳ ಹುಟ್ಟುಹಬ್ಬದ ದಿನ ಶಾಮಿಯಾನ ಹಾಕುವವರ ವೇಷದಲ್ಲಿ ಮನೆಗೇ ಜನ ಬಂದಿದ್ದರು ಎಂಬುದು ಅವರ ಆರೋಪ. ಆಧಾರವಾಗಿ ಒಂದು ಧ್ವನಿಮುದ್ರಿಕೆಯನ್ನು ಕೊಟ್ಟರು. ಕ್ಯಾತ್ಸಂದ್ರ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಆರೋಪದ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ನನ್ನ ಕೆಲಸವಲ್ಲ, ಅದು ನ್ಯಾಯಾಲಯದ ಕೆಲಸ. ಆದರೆ ಆ ದೂರಿನ ಚಿತ್ರವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಮಗುವಿನ ಹುಟ್ಟುಹಬ್ಬ, ಶಾಮಿಯಾನದ ಕಂಬಗಳು, ಬಂದವರಿಗೆಲ್ಲ ಊಟ. ಅಂದು ಏನೂ ನಡೆಯಲಿಲ್ಲ. ತಿಂಗಳುಗಳ ನಂತರ ಒಂದು ಧ್ವನಿಮುದ್ರಿಕೆ ಕೇಳಿದ ಮೇಲೆ ಆ ಮನೆಯವರಿಗೆ ಆ ದಿನದ ನೆನಪು ಮೊದಲಿನಂತೆ ಉಳಿದೀತೇ?

ಅಂದಿಗೆ ಜಾರಿಯಲ್ಲಿದ್ದುದು ಹೊಸ ಕಾನೂನು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಈ ವಿಷಯದ ಮಟ್ಟಿಗೆ ಹೆಸರು ಮತ್ತು ಅಂಕಿಗಳು ಬದಲಾದವೇ ಹೊರತು ತಿರುಳು ಬದಲಾಗಲಿಲ್ಲ. ಮಕಾಲೆಯ ಕಾಲದಿಂದ ಬಂದ ದಂಡ ಸಂಹಿತೆಯಲ್ಲೇ ಒಂದು ಉದಾಹರಣೆ ಇತ್ತು. ಒಬ್ಬನು ಮತ್ತೊಬ್ಬನನ್ನು ಕೊಲೆಗೆ ಪ್ರಚೋದಿಸುತ್ತಾನೆ, ಆ ಮತ್ತೊಬ್ಬನು ಒಪ್ಪುವುದೇ ಇಲ್ಲ. ಆದರೂ ಪ್ರಚೋದಿಸಿದವನು ದುಷ್ಪ್ರೇರಣೆಯ ಅಪರಾಧಿ. ಕೊಲೆಯಂತಹ ಅಪರಾಧಕ್ಕೆ ದುಷ್ಪ್ರೇರಣೆ ನೀಡಿ, ಅಪರಾಧ ನಡೆಯದೇ ಹೋದರೂ 7 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ಅದರ ಪರಿಣಾಮವಾಗಿ ಯಾರಿಗಾದರೂ ಗಾಯವಾದರೆ 14 ವರ್ಷಗಳವರೆಗೆ. ಹಿಂದೆ ಇದು 115ನೇ ಕಲಮು, ಈಗ 55ನೆಯದು. ಇಬ್ಬರು ಸೇರಿ ಒಪ್ಪಂದ ಮಾಡಿಕೊಂಡರೆ ಒಳಸಂಚು. ಅದನ್ನು 1913ರಲ್ಲಿ ದಂಡ ಸಂಹಿತೆಗೆ ಸೇರಿಸಲಾಯಿತು, ಈಗ 61ನೇ ಕಲಮು. ಅಪರಾಧ ಎಸಗಲು ಒಪ್ಪಿಕೊಂಡದ್ದೇ ಅಪರಾಧ. ಕತ್ತಿ ಎತ್ತಬೇಕೆಂದೇನೂ ಇಲ್ಲ.

ಇಷ್ಟು ಕಠಿಣವೇಕೆ ಎಂದು ಕೇಳಬಹುದು. ಸುಪಾರಿ ಕೊಟ್ಟವನ ದೃಷ್ಟಿಯಿಂದ ಯೋಚಿಸಿ ನೋಡಿ. ಅವನು ಮಾಡಬೇಕಾದುದನ್ನೆಲ್ಲ ಮಾಡಿ ಮುಗಿಸಿದ್ದಾನೆ. ಹೆಸರು ಹೇಳಿದ್ದಾನೆ, ಮನೆ ತೋರಿಸಿದ್ದಾನೆ, ಹಣ ಎಣಿಸಿದ್ದಾನೆ. ಇನ್ನು ಅವನಿಗೆ ಉಳಿದಿರುವುದು ಸುದ್ದಿಗಾಗಿ ಕಾಯುವ ಕೆಲಸ ಮಾತ್ರ. ಕೊಲೆ ನಡೆದರೂ ನಡೆಯದಿದ್ದರೂ ಅವನ ಕೈಯಿಂದ ಹೊರಟ ಪಾಪದಲ್ಲಿ ಒಂದು ಗುಲಗಂಜಿಯಷ್ಟೂ ವ್ಯತ್ಯಾಸವಾಗುವುದಿಲ್ಲ. ಹಣ ಪಡೆದವನ ಹೆದರಿಕೆಯನ್ನು, ಅಂದು ಕೆಟ್ಟುನಿಂತ ಮೋಟಾರು ಸೈಕಲನ್ನು ಅವನ ಪುಣ್ಯದ ಖಾತೆಗೆ ಜಮಾ ಮಾಡಲು ಬರುತ್ತದೆಯೇ?

ಆದರೆ ಹಣ ಪಡೆದವನ ಸ್ಥಿತಿ ಹಾಗಲ್ಲ. ಅವನ ಮುಂದೆ ಇನ್ನೂ ದಾರಿ ಇದೆ. ಎಲ್ಲಿಯವರೆಗೆ ಸಿದ್ಧತೆ, ಎಲ್ಲಿಂದ ಪ್ರಯತ್ನ ಎಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳನ್ನು ಬಹಳ ಕಾಡಿದೆ. ಕೊಲೆಗೆ ಸಂಬಂಧವಿಲ್ಲದ, ಆದರೆ ರೈತರಿಗೆ ಸುಲಭವಾಗಿ ಅರ್ಥವಾಗುವ ಪ್ರಕರಣವೊಂದನ್ನು ಹೇಳುತ್ತೇನೆ. 1961ರಲ್ಲಿ ಪಂಜಾಬಿನಿಂದ ಪರವಾನಗಿಯಿಲ್ಲದೆ ಭತ್ತವನ್ನು ದೆಹಲಿಗೆ ಸಾಗಿಸುವುದು ಅಪರಾಧವಾಗಿತ್ತು. 75 ಚೀಲ ಭತ್ತ ತುಂಬಿದ ಲಾರಿಯೊಂದನ್ನು ದೆಹಲಿ ಗಡಿಗೆ ಮುನ್ನ ಸಮಾಲ್ಖಾ ಎಂಬಲ್ಲಿ ತಡೆದರು. ಚಾಲಕ ಮಲ್ಕೀಯತ್ ಸಿಂಗ್‌ಗೆ ಕೆಳಗಿನ ನ್ಯಾಯಾಲಯಗಳಲ್ಲಿ ಶಿಕ್ಷೆಯಾಯಿತು. ಸುಪ್ರೀಂ ಕೋರ್ಟ್ 1968ರಲ್ಲಿ ಅವನನ್ನು ಬಿಡುಗಡೆ ಮಾಡಿತು. ಗಡಿ ಇನ್ನೂ ದೂರವಿತ್ತು, ನಡುವೆ ಎಲ್ಲಾದರೂ ಅವನು ಮನಸ್ಸು ಬದಲಾಯಿಸಿ ಲಾರಿ ತಿರುಗಿಸಿಕೊಳ್ಳಲು ಸಾಧ್ಯವಿತ್ತು ಎಂಬುದು ನ್ಯಾಯಾಲಯದ ತರ್ಕ. ಒಬ್ಬ ಲಾರಿ ಚಾಲಕ ಹಿಂದಿರುಗಬಹುದಾಗಿದ್ದ ಆ ಕೆಲವು ಮೈಲಿಗಳನ್ನು ದೇಶದ ಅತ್ಯುಚ್ಚ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡಿತು! ಮದ್ರಸದಲ್ಲಿ ತೌಬಾದ ಅಧ್ಯಾಯ ಓದಿ ಬಂದ ನನಗೆ ಈ ತೀರ್ಪನ್ನು ಮೊದಲ ಸಲ ಓದಿದಾಗ ಅಚ್ಚರಿಯಾಗಿತ್ತು. ಸುಪಾರಿಯ ವಿಷಯದಲ್ಲಿ ಮಾತ್ರ ಈ ರಿಯಾಯಿತಿ ಅರ್ಧದಷ್ಟೇ ಸಿಗುತ್ತದೆ ಎಂಬುದನ್ನು ನೆನಪಿಡಬೇಕು. ಹಿಂದಿರುಗಿದವನು ಕೊಲೆ ಯತ್ನದ ಆರೋಪದಿಂದ ಪಾರಾಗಬಹುದು, ಒಪ್ಪಂದದ ಅಪರಾಧದಿಂದ ಪಾರಾಗುವುದಿಲ್ಲ.

ಕೆಡುಕನ್ನು ಮನಸ್ಸಿನಲ್ಲಿ ಎಣಿಸಿ, ಮಾಡದೆ ಬಿಟ್ಟವನಿಗೆ ಒಂದು ಒಳಿತು ಬರೆಯಲ್ಪಡುತ್ತದೆ ಎಂಬ ಹದೀಸ್ ನಮ್ಮಲ್ಲಿ ಅನೇಕರಿಗೆ ಗೊತ್ತು. ಕತ್ತಿ ಹಿಡಿದು ಎದುರಾದ ಇಬ್ಬರಲ್ಲಿ ಸತ್ತವನೂ ನರಕಕ್ಕೆ ಹೋಗುತ್ತಾನೆ, ಏಕೆಂದರೆ ಅವನೂ ಕೊಲ್ಲಲು ಹವಣಿಸುತ್ತಿದ್ದ ಎಂಬ ಹದೀಸ್ ಕೂಡ ಇದೆ. ಎರಡನ್ನೂ ಒಟ್ಟಿಗೆ ಇಟ್ಟು ನಮ್ಮ ವಿದ್ವಾಂಸರು ‘ಹಮ್ಮ್’ ಮತ್ತು ‘ಅಝ್ಮ್’ ಎಂಬ ಭೇದ ಮಾಡಿದರು. ಮನಸ್ಸಿನಲ್ಲಿ ಹಾದುಹೋಗುವ ಯೋಚನೆ ಬೇರೆ, ಗಟ್ಟಿಯಾದ ಸಂಕಲ್ಪ ಬೇರೆ. ನಿಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ, ಗಾಳಿಗೆ ಅಂಗಳದಲ್ಲಿ ಬಿದ್ದ ಕಾಯಿ ಬೇರೆ. ಕೊಬ್ಬರಿಯಾಗಲೆಂದೇ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಕಾದ ಕಾಯಿ ಬೇರೆ. ಫಿಕ್‌ಹ್‌ನಲ್ಲಿ ಕೊಲೆ ನಡೆಯದಿದ್ದರೆ ಕಿಸಾಸ್‌ನ ಪ್ರಶ್ನೆ ಏಳುವುದಿಲ್ಲ. ಆದರೆ ಸಂಚು ಹೂಡಿದವನಿಗೆ ತಅಝೀರ್ ಎಂಬ ಶಿಕ್ಷೆಯನ್ನು ನ್ಯಾಯಾಧೀಶನ ವಿವೇಚನೆಗೆ ಬಿಡಲಾಗಿದೆ.

ಪ್ರವಾದಿ ಮುಹಮ್ಮದ್(ಸ)ರ ಚರಿತ್ರೆಯಲ್ಲಿ ನಡೆಯದೇ ಹೋದ ಸುಪಾರಿ ಕೊಲೆಯೊಂದು ಇದೆ. ನಾವು ಅದನ್ನು ಪವಾಡದ ಕಥೆಯಾಗಿ ಹೇಳಿ ಮುಗಿಸಿಬಿಡುತ್ತೇವೆ. ಬದ್ರ್ ಯುದ್ಧದ ನಂತರ ಮಕ್ಕಾದಲ್ಲಿ ಇಬ್ಬರು ಕಅಬಾದ ಬಳಿ ಕುಳಿತು ಮಾತನಾಡುತ್ತಾರೆ. ಒಬ್ಬ, ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಸಿರಿವಂತ ಸಫ್ವಾನ್ ಬಿನ್ ಉಮಯ್ಯ. ಇನ್ನೊಬ್ಬ ಉಮೈರ್ ಬಿನ್ ವಹಬ್. ಉಮೈರ್‌ನ ಮಗ ಮದೀನಾದಲ್ಲಿ ಸೆರೆಯಾಗಿದ್ದಾನೆ. ಸಾಲ ಇಲ್ಲದಿದ್ದರೆ, ಹೆಂಡತಿ ಮಕ್ಕಳ ಚಿಂತೆ ಇಲ್ಲದಿದ್ದರೆ ತಾನೇ ಹೋಗಿ ಮುಹಮ್ಮದರನ್ನು ಮುಗಿಸುತ್ತಿದ್ದೆ ಎಂದು ಅವನು ಅಂದುಬಿಡುತ್ತಾನೆ. ಸಫ್ವಾನ್ ಆ ಮಾತನ್ನು ಅಲ್ಲೇ ಹಿಡಿದುಕೊಳ್ಳುತ್ತಾನೆ. ಸಾಲ ತನ್ನದು, ಸಂಸಾರ ತನ್ನದು, ಹೊರಡು ಎನ್ನುತ್ತಾನೆ. ಕತ್ತಿಗೆ ಸಾಣೆ ಹಿಡಿಸಿ, ವಿಷ ಸವರಿ ಉಮೈರ್ ಮದೀನಾಕ್ಕೆ ಬರುತ್ತಾನೆ.

ಇಂದು ಸುಪಾರಿ ಪ್ರಕರಣಗಳಲ್ಲಿ ಸಿಕ್ಕಿಬೀಳುವ ಯುವಕರ ಕಥೆ ಇದಕ್ಕಿಂತ ಬಹಳ ಬೇರೆಯೇ? ಸಾಲ, ಸಂಸಾರ, ಮಾತಿನ ಬಿಸಿಯಲ್ಲಿ ಬಾಯಿಂದ ಬಿದ್ದ ಒಂದು ‘ಆದರೆ’, ಆ ‘ಆದರೆ’ಯನ್ನು ಹಣ ಕೊಟ್ಟು ಕೊಂಡುಕೊಳ್ಳುವ ಇನ್ನೊಬ್ಬ.

ಮದೀನಾದಲ್ಲಿ ಉಮರ್(ರ) ಅವನನ್ನು ಕತ್ತಿಯ ಪಟ್ಟಿ ಸಮೇತ ಹಿಡಿದುಕೊಂಡು ಪ್ರವಾದಿ(ಸ)ಯವರ ಬಳಿಗೆ ತಂದರು. ಪ್ರವಾದಿ(ಸ)ಯವರು ಅವನನ್ನು ಬಿಟ್ಟುಬಿಡಲು ಹೇಳಿ, ಹತ್ತಿರ ಕರೆದು, ಬಂದ ಕಾರಣ ಕೇಳಿದರು. ಮಗನ ಬಿಡುಗಡೆಗೆ ಬಂದೆ ಎಂದನು. ಹಾಗಾದರೆ ಕತ್ತಿ ಏಕೆ ಎಂದು ಕೇಳಿದರು. ಅದಕ್ಕೂ ಏನೋ ಉತ್ತರ ಕೊಟ್ಟನು. ಆಗ ಕಅಬಾದ ಬಳಿ ನಡೆದ ಮಾತುಕತೆಯನ್ನೆಲ್ಲ ಅವರು ಅವನೆದುರು ಬಿಚ್ಚಿಟ್ಟರು. ಉಮೈರ್ ಅಲ್ಲೇ ಸತ್ಯವನ್ನು ಒಪ್ಪಿಕೊಂಡು ಇಸ್ಲಾಮ್ ಸ್ವೀಕರಿಸಿದನು. ಅವನಿಗೆ ಶಿಕ್ಷೆಯಾಗಲಿಲ್ಲ, ಮಗನ ಬಿಡುಗಡೆಯೂ ಆಯಿತು. ಮುಂದೆ ಮಕ್ಕಾ ವಿಜಯದ ದಿನ ಸುಪಾರಿ ಕೊಟ್ಟ ಸಫ್ವಾನ್ ಹೆದರಿ ಸಮುದ್ರದ ಕಡೆಗೆ ಓಡಿದಾಗ, ಅವನಿಗಾಗಿ ಕ್ಷಮೆ ಬೇಡಿದವರೂ, ಕ್ಷಮೆಯ ಗುರುತಾಗಿ ಪ್ರವಾದಿ(ಸ)ಯವರ ಮುಂಡಾಸನ್ನು ಹಿಡಿದು ಅವನ ಹಿಂದೆ ಹೋದವರೂ ಇದೇ ಉಮೈರ್(ರ). ಯೋಚಿಸಿಕೊಳ್ಳಲು ಸಫ್ವಾನ್ ಎರಡು ತಿಂಗಳು ಕೇಳಿದ, ನಾಲ್ಕು ತಿಂಗಳು ಸಿಕ್ಕಿತು.

ಈ ಘಟನೆಯನ್ನು ಮುಂದಿಟ್ಟು ಸಂಚುಕೋರರನ್ನೆಲ್ಲ ಬಿಟ್ಟುಬಿಡಿ ಎನ್ನುವವನು ನಾನಲ್ಲ. ಅಲ್ಲಿ ಯಾರ ಪ್ರಾಣಕ್ಕೆ ಸಂಚು ನಡೆದಿತ್ತೋ ಅವರೇ ಕ್ಷಮಿಸಿದರು. ಅದು ಅವರ ಹಕ್ಕು. ಊರಿನ ಪಂಚಾಯಿತಿದಾರರಿಗೆ, ಮಸೀದಿ ಕಮಿಟಿಗೆ, ಪಕ್ಷದ ನಾಯಕರಿಗೆ ಆ ಹಕ್ಕು ಇಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ. ಇನ್ನೊಂದು ವ್ಯತ್ಯಾಸವೂ ಇದೆ. ಪ್ರವಾದಿ(ಸ)ಯವರಿಗೆ ಸಂಚು ತಿಳಿದದ್ದು ವಹ್ಯ್ ಮೂಲಕ. ನಮ್ಮ ಪೊಲೀಸರಿಗೆ ವಹ್ಯ್ ಬರುವುದಿಲ್ಲ. ಅವರ ಬಳಿ ಇರುವುದು ಫೋನಿನ ಧ್ವನಿಮುದ್ರಿಕೆ, ಬ್ಯಾಂಕ್ ಖಾತೆಯ ವಿವರ, ಸಿಕ್ಕಿಬಿದ್ದ ಒಬ್ಬನ ಬಾಯಿಮಾತು, ಕೆಲವೊಮ್ಮೆ ಬರೀ ಊಹೆ.

ಕೊಲೆ ನಡೆದಿದ್ದರೆ ಶವವೇ ಮೊದಲ ಸಾಕ್ಷಿ. ನಡೆಯದ ಕೊಲೆಯಲ್ಲಿ ಮನಸ್ಸೇ ಸ್ಥಳ ಮಹಜರಿನ ಜಾಗ. ಅಲ್ಲಿಗೆ ಹೋಗಿ ಮಹಜರು ಬರೆಯುವವರು ಯಾರು?

2017ರ ಡಿಸೆಂಬರ್‌ನಲ್ಲಿ ಪ್ರಸಿದ್ಧ ಪತ್ರಕರ್ತ, ‘ಹಾಯ್ ಬೆಂಗಳೂರ್’ ಸಂಪಾದಕ ರವಿ ಬೆಳಗೆರೆಯವರ ಬಂಧನವಾದುದು ನಿಮಗೆ ನೆನಪಿರಬಹುದು. ತಮ್ಮ ಮಾಜಿ ಸಹೋದ್ಯೋಗಿಯ ಕೊಲೆಗೆ ಸುಪಾರಿ ಕೊಟ್ಟಿದ್ದರು ಎಂಬುದು ಬೆಂಗಳೂರಿನ ಸಿಸಿಬಿ ಪೊಲೀಸರ ಆರೋಪ. ಅಕ್ರಮ ಶಸ್ತ್ರಾಸ್ತ್ರ ಮಾರಾಟಗಾರನೊಬ್ಬನನ್ನು ಹಿಡಿದಾಗ ಅವನಿಂದ ಇನ್ನೊಬ್ಬ, ಅವನಿಂದ ಬೆಳಗೆರೆಯವರ ಹೆಸರು ಬಂತು ಎಂದರು. ಬೆಳಗೆರೆ ಆರೋಪವನ್ನು ಅಲ್ಲಗಳೆದರು, ಕೆಲವೇ ದಿನಗಳಲ್ಲಿ ಜಾಮೀನು ಪಡೆದು ಹೊರಬಂದರು. 2020ರ ನವೆಂಬರ್ 13ರಂದು ತೀರಿಕೊಂಡರು. ಅವರು ಅಪರಾಧಿ ಎಂದು ಯಾವ ನ್ಯಾಯಾಲಯವೂ ಹೇಳಲಿಲ್ಲ. ಆರೋಪಿ ಸತ್ತರೆ ಅವನ ಮೇಲಿನ ಮೊಕದ್ದಮೆಯೂ ಅವನೊಂದಿಗೆ ಮುಗಿಯುತ್ತದೆ. ತಮ್ಮ ಪತ್ರಿಕೆಯಲ್ಲಿ ನೂರಾರು ಕೊಲೆಗಳ ಕಥೆಯನ್ನು ಬರೆಸಿದ ವ್ಯಕ್ತಿಯ ಮೇಲಿನ ಆ ಆರೋಪ, ದೃಢಪಡದೆಯೂ ಅಳಿಸಿಹೋಗದೆಯೂ, ಓದುಗರ ನೆನಪಿನಲ್ಲಿ ಹಾಗೆಯೇ ಉಳಿದಿದೆ. ತನ್ನ ಹೆಸರಿನ ಮೇಲೆ ಹಣ ಕೈ ಬದಲಾಗಿತ್ತೋ ಇಲ್ಲವೋ ಎಂಬ ಅನುಮಾನ ಆ ಸಹೋದ್ಯೋಗಿಗೂ ಉಳಿದಿದೆ.

2021ರ ಡಿಸೆಂಬರ್‌ನಲ್ಲಿ ಯಲಹಂಕದ ಶಾಸಕ ಎಸ್.ಆರ್.ವಿಶ್ವನಾಥ್ ಅವರ ಹತ್ಯೆಗೆ ಸಂಚು ಎಂದು ಒಂದು ವೀಡಿಯೊ ವಾರವಿಡೀ ಟಿ.ವಿ.ಯಲ್ಲಿ ಓಡಿತು. ಬಾಯಿಗೆ ಬಂದದ್ದನ್ನು ಆಡುವುದು ಎಲ್ಲಿ ಮುಗಿಯುತ್ತದೆ, ಒಪ್ಪಂದ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಯನ್ನು ಯಾವ ನಿರೂಪಕರೂ ಕೇಳಿದಂತೆ ನನಗೆ ನೆನಪಿಲ್ಲ.

ನಮ್ಮ ಸಮುದಾಯಕ್ಕೆ ಮರೆಯಲಾಗದ ಪ್ರಕರಣ ಇನ್ನೊಂದಿದೆ. 2012ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಹಲವು ಮುಸ್ಲಿಮ್ ಯುವಕರ ಬಂಧನವಾಯಿತು. ಕೆಲವು ಪತ್ರಕರ್ತರ ಮತ್ತು ರಾಜಕಾರಣಿಗಳ ಹತ್ಯೆಗೆ ಸಂಚು ಹೂಡಿದ್ದರು ಎಂಬುದು ಆರೋಪ. ಅಲ್ಲಿ ಹಣದ ಸುಪಾರಿ ಇರಲಿಲ್ಲ, ಆದರೆ ಕೊಲೆಯೂ ನಡೆದಿರಲಿಲ್ಲ. ಬಂಧಿತರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಯುವ ವರದಿಗಾರ ಮುತೀಉರ್ರಹ್ಮಾನ್ ಸಿದ್ದೀಖಿ ಒಬ್ಬರು. ಸೂತ್ರಧಾರ ಎಂಬ ಪಟ್ಟವನ್ನು ಮಾಧ್ಯಮಗಳು ಅವರಿಗೆ ಕಟ್ಟಿದವು. ಸುಮಾರು ಆರು ತಿಂಗಳು ಜೈಲಿನಲ್ಲಿಟ್ಟ ಮೇಲೆ, ಆರೋಪಪಟ್ಟಿಯಲ್ಲಿ ಹೆಸರಿಸುವಷ್ಟು ಸಾಕ್ಷ್ಯವೂ ಇಲ್ಲವೆಂದಾಗಿ, 2013ರ ಫೆಬ್ರವರಿಯಲ್ಲಿ ಅವರ ಬಿಡುಗಡೆಯಾಯಿತು. ಇಷ್ಟನ್ನು ನಮ್ಮ ವೇದಿಕೆಗಳಲ್ಲಿ ಎಲ್ಲರೂ ಹೇಳುತ್ತಾರೆ. ಉಳಿದ ಅರ್ಧವನ್ನೂ ಹೇಳಬೇಕು. ಅದೇ ಪ್ರಕರಣದ 13 ಮಂದಿ 2016ರಲ್ಲಿ ಬೆಂಗಳೂರಿನ ಎನ್‌ಐಎ ವಿಶೇಷ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡರು. 5 ವರ್ಷಗಳ ಶಿಕ್ಷೆಯಾಯಿತು. ವಿಚಾರಣೆ ಮುಗಿಯದೆ ನಾಲ್ಕು ವರ್ಷ ಜೈಲಿನಲ್ಲಿ ಕಳೆದವರು ಹಾಗೆ ಒಪ್ಪಿಕೊಳ್ಳಲು ಏನೇನು ಕಾರಣಗಳಿದ್ದವು ಎಂಬುದನ್ನು ಅಲ್ಲಾಹನೇ ಬಲ್ಲ. ಆದರೆ ಒಂದರ್ಧವನ್ನು ಮಾತ್ರ ಹೇಳುವವರು ನಮ್ಮಲ್ಲೂ ಇದ್ದಾರೆ, ಇನ್ನೊಂದರ್ಧವನ್ನು ಮಾತ್ರ ಹೇಳುವವರು ಅತ್ತ ಕಡೆಯೂ ಇದ್ದಾರೆ.

ಹಾಗೆಂದು ಸಂಚಿನ ಕಾನೂನೇ ಬೇಡವೆನ್ನೋಣವೇ? 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಆ ತನಿಖೆಯ ಜಾಡಿನಲ್ಲಿ ಮೈಸೂರಿನ ಸಾಹಿತಿ ಕೆ.ಎಸ್.ಭಗವಾನ್ ಅವರ ಹತ್ಯೆಗೂ ಸಂಚು ನಡೆದಿತ್ತೆಂಬ ಆರೋಪ ಹೊರಬಂದು, 2018ರಲ್ಲಿ ಬಂಧನಗಳಾದವು. ಒಂದು ಸಂಚು ಸಕಾಲದಲ್ಲಿ ತಿಳಿಯಲಿಲ್ಲ, ಗೌರಿ ಇಲ್ಲವಾದರು. ಇನ್ನೊಂದು ತಿಳಿಯಿತು. ರಕ್ತ ಹರಿಯುವವರೆಗೆ ಪೊಲೀಸರು ಕಾಯಬೇಕೆಂದು ಹೇಳುವ ಧೈರ್ಯ ನನಗಿಲ್ಲ.

ಆದ್ದರಿಂದ ಕಾನೂನು ಇರಲಿ. ಆದರೆ ಶವವಿಲ್ಲದ ಕೊಲೆಗೆ ಸಾಕ್ಷ್ಯದ ತಕ್ಕಡಿ ಹೆಚ್ಚು ಬಿಗಿಯಾಗಿರಬೇಕು, ಸಡಿಲವಾಗಿ ಅಲ್ಲ. ಪೊಲೀಸರ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನು ಸಾಮಾನ್ಯ ಕಾನೂನಿನಲ್ಲಿ ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಬ್ರಿಟಿಷರ ಕಾಲದಿಂದ ಬಂದ ಆ ರಕ್ಷಣೆ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಆದರೆ ಅದೇ ತಪ್ಪೊಪ್ಪಿಗೆ ಮರುದಿನ ಬೆಳಿಗ್ಗೆ ಪತ್ರಿಕೆಯ ಮುಖಪುಟದಲ್ಲಿರುತ್ತದೆ. ಅದನ್ನು ಬರೆಯುವವರಲ್ಲಿ ನಾನೂ ಒಬ್ಬನಾಗಿದ್ದೆ.

ಇನ್ನು ಹಿಂದೆ ಬಿಟ್ಟ ಮಾತಿಗೆ ಬರುತ್ತೇನೆ. ವರದಿಗಾರನಾಗಿ ಸೇರಿದ ಮೊದಲ ವರ್ಷಗಳಲ್ಲಿ ಬೇರೆ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿದ್ದೆ. ಅಣ್ಣ ತಮ್ಮಂದಿರಿಬ್ಬರ ನಡುವೆ ತೋಟದ ಪಾಲಿನ ವ್ಯಾಜ್ಯವಿತ್ತು. ಅಣ್ಣನು ಪೇಟೆಯ ಯಾರೋ ಇಬ್ಬರಿಗೆ ಮುಂಗಡ ಕೊಟ್ಟಿದ್ದಾನೆ ಎಂಬ ಸುದ್ದಿ ಹಿರಿಯರ ಕಿವಿಗೆ ಬಿತ್ತು. ಅವರು ಒಂದು ರಾತ್ರಿ ಅವನನ್ನು ಕರೆಸಿದರು. ಅತ್ತು ಒಪ್ಪಿಕೊಂಡ. ಹಣ ಹೋದರೆ ಹೋಗಲಿ, ಆ ಇಬ್ಬರಿಗೆ ಬೇಡವೆಂದು ಹೇಳಿ ಕಳುಹಿಸು ಎಂದರು. ಮುಂದಿನ ವಾರ ಅಣ್ಣ ತಮ್ಮಂದಿರಿಬ್ಬರನ್ನೂ ಕೂರಿಸಿ ತೋಟದ ಪಾಲು ಬಗೆಹರಿಸಿದರು. ಇಬ್ಬರೂ ಆಲಿಂಗಿಸಿಕೊಂಡರು. ತಮ್ಮನಿಗೆ ಪಾಲಿನ ಜಗಳ ಮುಗಿಯಿತೆಂದಷ್ಟೇ ಗೊತ್ತು. ಹಿರಿಯರಲ್ಲಿ ಒಬ್ಬರು ಇದನ್ನು ನನಗೆ ಹೆಮ್ಮೆಯಿಂದಲೇ ಹೇಳಿದರು. ಬರೆಯಬೇಡಪ್ಪಾ, ಒಂದು ಮನೆ ಉಳಿಯಿತು ಎಂದರು. ನಾನು ಬರೆಯಲಿಲ್ಲ. ಒಳ್ಳೆಯ ಕೆಲಸವಾಯಿತೆಂದೇ ಭಾವಿಸಿದ್ದೆ.

ವರ್ಷಗಳ ನಂತರ ಕಾನೂನು ಪುಸ್ತಕ ತಿರುವುವಾಗ ಒಂದು ಕಲಮು ಕಣ್ಣಿಗೆ ಬಿತ್ತು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 39ನೆಯದು, ಈಗ ನಾಗರಿಕ ಸುರಕ್ಷಾ ಸಂಹಿತೆಯ 33ನೆಯದು. ಕೊಲೆಯಂತಹ ಅಪರಾಧ ನಡೆದಿರುವುದು ಮಾತ್ರವಲ್ಲ, ಅದನ್ನು ಎಸಗುವ ಉದ್ದೇಶ ಇನ್ನೊಬ್ಬನಿಗೆ ಇದೆಯೆಂದು ತಿಳಿದರೂ, ಹತ್ತಿರದ ಪೊಲೀಸರಿಗೆ ಅಥವಾ ಮ್ಯಾಜಿಸ್ಟ್ರೇಟರಿಗೆ ತಿಳಿಸುವುದು ಪ್ರತಿಯೊಬ್ಬನ ಕರ್ತವ್ಯ. ಆ ಹಿರಿಯರು ಅದನ್ನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಆ ಇಬ್ಬರು ಪೇಟೆಯವರು ಯಾರು, ಮುಂಗಡ ಪಡೆದು ಕೆಲಸ ತಪ್ಪಿದ ಮೇಲೆ ಮುಂದಿನ ಗಿರಾಕಿಯ ಬಳಿಗೆ ಹೋದರೇ, ಯಾವ ಮನೆಯ ಬಾಗಿಲು ತಟ್ಟಿದರು ಎಂದು ನಾವು ಯಾರೂ ವಿಚಾರಿಸಲಿಲ್ಲ.

ಯೂಸುಫ್(ಅ)ರ ಸಹೋದರರು ಕೊಲೆಯ ಯೋಜನೆ ಹಾಕುತ್ತಿರುವಾಗ ಅವರಲ್ಲೊಬ್ಬನು ಕೊಲ್ಲಬೇಡಿ, ಬಾವಿಗೆ ಹಾಕಿಬಿಡಿ ಎಂದು ಸೂಚಿಸಿದ ವಿಷಯ ಕುರ್‌ಆನ್‌ನಲ್ಲಿದೆ. ಪ್ರಾಣ ಉಳಿಯಿತು ನಿಜ. ಆದರೆ ಅವನೂ ತಂದೆಗೆ ಹೋಗಿ ಹೇಳಲಿಲ್ಲ. ನಮ್ಮ ರಾಜಿ ಪಂಚಾಯಿತಿಗಳನ್ನು ಕಂಡಾಗಲೆಲ್ಲ ನನಗೆ ಆ ಹೆಸರು ಹೇಳದ ಸಹೋದರನ ನೆನಪಾಗುತ್ತದೆ.

ಆ ಊರಿನ ಅಣ್ಣ ತಮ್ಮಂದಿರು ಈಗಲೂ ಪಕ್ಕಪಕ್ಕದ ಮನೆಗಳಲ್ಲೇ ಇದ್ದಾರೆ. ಕಳೆದ ಈದ್‌ಗೆ ತಮ್ಮನೇ ನನಗೆ ಕರೆ ಮಾಡಿ, ಅಣ್ಣನ ಮನೆಯಲ್ಲಿ ಊಟ, ನೀವೂ ಬನ್ನಿ ಎಂದು ಕರೆದ. ಅವನ ಪ್ರಾಣದ ವಿಷಯ ಊರಿನ ಐದಾರು ಮಂದಿಗೆ ಗೊತ್ತಿದೆ, ಅವನಿಗೊಬ್ಬನಿಗೆ ಗೊತ್ತಿಲ್ಲ. ಕ್ಷಮಿಸುವುದಿದ್ದರೆ ಕ್ಷಮಿಸಬೇಕಾದವನು ಅವನೊಬ್ಬನೇ ಆಗಿದ್ದ. ನಾನು ಊಟಕ್ಕೆ ಹೋಗಲಿಲ್ಲ, ಏನೋ ನೆವ ಹೇಳಿದೆ.

ಸಮಯ ಮೀರಿದೆ. ಈ ವಿಷಯದಲ್ಲಿ ಹಿರಿಯರು ಏನು ಹೇಳುತ್ತೀರೆಂದು ಕೇಳಲು ಕುಳಿತುಕೊಳ್ಳುತ್ತೇನೆ.